ಮೆಟ್ಟಿಲಲ್ಲಿ ಜಾರಿ ಬಿದ್ದದ್ದಲ್ಲ

ಮಂಗಳವಾರ, ಊಟದ ಬಿಡುವು

ಅಮ್ಮಾ,

ಆರಾಮಾಗಿದ್ದೇನೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಹತ್ತು ದಿನದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ಚಾದರ ಮಡಿಸುವ ಅಕ್ಕನ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದೇನೆ. ಅವನ ಮನೆಗೆ ಮತ್ತೆ ಹೋಗುವುದಿಲ್ಲ. ಗಂಡನನ್ನು ಅವನು ಎಂದು ಬರೆದದ್ದಕ್ಕೆ ಬೈಯಬೇಡ.

ನಮ್ಮ ಆಸ್ಪತ್ರೆಯಲ್ಲಿ ತುರ್ತು ನೆರವಿನ ನಿಧಿಯೊಂದಿದೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಕೆಲಸದವರಿಗೆ ಹದಿನೈದು ದಿನ ಸಂಬಳದ ರಜೆ, ಜೊತೆಗೆ ಕೋಣೆಯ ಮುಂಗಡಕ್ಕಾಗುವಷ್ಟು ಹಣ. ಅರ್ಜಿಯಲ್ಲಿ, ಅವನು ನನ್ನನ್ನು ಮೆಟ್ಟಿಲ ಮೇಲಿಂದ ತಳ್ಳಿದ ದಿನವನ್ನು ಬರೆದೆ. ಮಣಿಕಟ್ಟಿಗೆ ಪಟ್ಟಿ ಹಾಕಿದ್ದು ಇದೇ ಆಸ್ಪತ್ರೆ, ಸಾಕ್ಷಿಗೆ ಅಷ್ಟು ಸಾಕು ಅಂದುಕೊಂಡೆ. ನನ್ನ ಪೆದ್ದುತನ. ಗುಮಾಸ್ತೆ ಹಳೆಯ ಚೀಟಿ ತೆಗೆಸಿದರು. ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಎಂದಿದೆ. ಹೇಳಿದವರು: ರೋಗಿಯ ತಾಯಿ.

ಗುಮಾಸ್ತೆ ಕೆಟ್ಟವರಲ್ಲ. "ನಾನು ನಂಬ್ತೀನಮ್ಮ, ಕಾಗದ ನಂಬಲ್ವಲ್ಲ. ನಿಮ್ಮಮ್ಮನ ಕೈಲಿ ನಾಲ್ಕು ಸಾಲು ಬರೆಸ್ಕೊಂಡು ಬಾ, ಶುಕ್ರವಾರ ಮೀಟಿಂಗಿದೆ" ಅಂದರು. ಅದು ತಪ್ಪಿದರೆ ಇನ್ನು ಮೂರು ತಿಂಗಳು.

ಅಕ್ಕನಿಗೆ ಹೇಳಿದರೆ, "ಸುಳ್ಳು ಹೇಳೋಕೆ ನಿಮ್ಮಮ್ಮಂಗೆ ಬೇರೆ ಆಸ್ಪತ್ರೆ ಸಿಗಲಿಲ್ವೇನೇ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ನಾನು ಮಡಿಸಿಟ್ಟಿದ್ದ ಚಾದರವನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ನಿನ್ನನ್ನು ದೂರುತ್ತಿಲ್ಲ. ನೀನು ಹಾಗೆ ಹೇಳಿದಾಗ ನಾನೂ ತಲೆಯಾಡಿಸಿದೆ. ಅಳಿಯನ ಮರ್ಯಾದೆ, ಮಗಳ ಸಂಸಾರ, ಎರಡನ್ನೂ ಒಂದೇ ಮಾತಿನಲ್ಲಿ ಉಳಿಸಿದೆವು ಅಂದುಕೊಂಡೆವು. ಆದರೆ ನೀನು ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದೆ, ಅಮ್ಮ. ನನ್ನ ಬೆನ್ನ ಮೇಲಿದ್ದ ಅವನ ಕೈ ನಿನಗೆ ಕಂಡಿತ್ತು.

ನೋಡಿದ್ದಷ್ಟನ್ನು ಬರೆದು ಸಹಿ ಹಾಕು. ಈ ಪತ್ರವನ್ನು ಅಕ್ಕನೇ ತರುತ್ತಾಳೆ, ನೀನು ಬರೆಯುವವರೆಗೆ ಕಾಯುತ್ತಾಳೆ. ಭಾನುವಾರ ಅವಳ ಮಗಳು ಬಾಣಂತನಕ್ಕೆ ಬರುವುದರಿಂದ ನಾನು ಹಾಲ್ ಬಿಡಬೇಕು. ಹಣ ಬಾರದಿದ್ದರೆ ಆಮೇಲೆ ನನಗಿರುವುದು ಒಂದೇ ಬಾಗಿಲು. ಅದರ ಬೀಗದ ಕೈಯನ್ನು ಇನ್ನೂ ಎಸೆದಿಲ್ಲ, ಎಸೆಯಲು ಧೈರ್ಯ ಬಂದಿಲ್ಲ.

ಬರೆಯಲಾಗದಿದ್ದರೆ ಖಾಲಿ ಹಾಳೆಯನ್ನೇ ಕಳಿಸು. ಅರ್ಥ ಮಾಡಿಕೊಳ್ಳುತ್ತೇನೆ.

ನಿನ್ನ
ಮುಂಗೋಪಿ

ಮರೆತ ಮಾತು: ಅಪ್ಪನ ಕೈಗೆ ಸಿಗದಿರಲೆಂದು ಪತ್ರವನ್ನು ನಿನ್ನ ಹೊಲಿಗೆ ಅಂಗಡಿಗೇ ಕೊಡಲು ಹೇಳಿದ್ದೇನೆ. ಊರವರಿಗೆಲ್ಲ ಗಿಡ್ಡ ತೋಳು ಹೊಲಿಯುವ ನೀನು ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ ಯಾಕೆ ತೊಡುತ್ತಿದ್ದೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ಬಾಡಿಗೆಗೆ ನೋಡಿರುವ ಕೋಣೆ ಚಿಕ್ಕದು, ಆದರೆ ಎರಡು ಮಂಚ ಹಿಡಿಸುತ್ತವೆ. ಅಳತೆ ತೆಗೆದು ನೋಡಿದ್ದೇನೆ.