ತಿಂಡಿ ತಂಡಕ್ಕೆ ಬೆಸ್ಸೆ

ಶನಿವಾರ, ಸೆಪ್ಟೆಂಬರ್ 7

ಮಕಾಸ್ಸರ್‌ನಿಂದ ಹೊರಟ ವ್ಯಾನು ಮತ್ತೆ ತಡ. ಪಂಗ್‌ಕೆಪ್ ಶಾಲೆಯ ಶನಿವಾರದ ಕ್ಲಾಸಿಗೆ ತಲುಪುವಷ್ಟರಲ್ಲಿ ಹುಡುಗಿಯರು ಲ್ಯಾಬ್ ಬಾಗಿಲು ತೆಗೆಸಿ ಕೂತಾಗಿತ್ತು.

ಬೆಸ್ಸೆ ತಾನೇ ಮಾಡಿದ ಸೆನ್ಸರ್ ಪೆಟ್ಟಿಗೆ ಇಂದು ಬಾಯಿಬಿಟ್ಟಿತು! ಸಿಗಡಿ ಹೊಂಡದ ನೀರಿನಲ್ಲಿ ಉಪ್ಪು ಇಳಿದರೆ ಅಪ್ಪನ ಮೊಬೈಲಿಗೆ ಮೆಸೇಜ್ ಹೋಗಬೇಕು. ಕಳೆದ ಮಳೆಗಾಲ ಅವರ ಸಿಗಡಿ ಪೂರ್ತಿ ಸತ್ತಿತ್ತು, ಅದಕ್ಕೇ ಈ ಹಟ. ಬಕೆಟ್ಟಿಗೆ ಸಿಹಿನೀರು ಸುರಿದಳು. ಟಿಣ್. "ಇಬು ಟೀಚರ್, ಕೇಳಿಸ್ತಾ? ಕೇಳಿಸ್ತಾ?" ಎಂದು ಕುಣಿದಳು.

ಮುಂದಿನ ಶನಿವಾರ ನಮ್ಮ ಕಂಪನಿಯ ದೊಡ್ಡ ಕಚೇರಿಯ ಅತಿಥಿಗಳು. ಬಾಂಡುಂಗ್‌ನ ತಂತ್ರಜ್ಞಾನ ಶಿಬಿರಕ್ಕೆ ಜಿಲ್ಲೆಯಿಂದ ಒಬ್ಬಳನ್ನು ಆರಿಸುತ್ತಾರೆ. ಅಲ್ಲಿಗೆ ಹೋದವಳಿಗೆ ಕಾಲೇಜು ಸೀಟು ಹೆಚ್ಚುಕಡಿಮೆ ಖಚಿತ. ಬೆಸ್ಸೆಯೇ ಹೋಗಬೇಕು.

ಹುಡುಗಿಯರಿಗೆ ಎಂದಿನಂತೆ ಭಾಷಣ ಬಿಗಿದೆ. ಮೊಬೈಲ್ ಟವರ್ ಡಿಪಾರ್ಟ್‌ಮೆಂಟಿನಲ್ಲಿ ಇಂಜಿನಿಯರ್ ಹೆಂಗಸು ನಾನೊಬ್ಬಳೇ, ಆದರೂ ಯಾವ ಕಾರ್ಯಕ್ರಮವಿದ್ದರೂ ನನ್ನನ್ನು ತಿಂಡಿ ತಂಡಕ್ಕೇ ಹಾಕುತ್ತಾರೆ... "ನಿಮಗೆ ಹಾಗೆ ಆಗೋಕೆ ಬಿಡಲ್ಲ" ಎಂದೆ. ಚಪ್ಪಾಳೆ ಬಿತ್ತು. ಖುಷಿಯಾಯಿತು.

ಶನಿವಾರ, ಸೆಪ್ಟೆಂಬರ್ 14. ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಾಳೆ ನನಗೆ ಬೇಕಾದ ಹಾಗೆ ತಿದ್ದಿಕೊಂಡುಬಿಡುತ್ತೇನೆ.

ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಹೆಡ್‌ಮಾಸ್ಟರ್ ರುಸ್ದಿ ಏದುಸಿರು ಬಿಡುತ್ತ ಓಡಿಬಂದರು. "ಇಬು ಮರ್ದಿಯಾ, ತಿಂಡಿ ಕಡೆ ಯಾರೂ ಇಲ್ಲ! ಬಾಳೆಹಣ್ಣಿನ ಬರೊಂಕೊ ಇನ್ನೂ ಬೇಯ್ತಾ ಇದೆ, ಕಾಫಿ ಬೆರೆಸೋರಿಲ್ಲ. ನಮ್ಮ ಮಾನ ಹೋಗತ್ತೆ!"

ಅತಿಥಿಗಳ ಮುಂದೆ ಖಾಲಿ ಮೇಜು! ತಿರುಗಿದರೆ ಎದುರಿಗೆ ಬೆಸ್ಸೆ. ಚುರುಕು ಹುಡುಗಿ, ಅಚ್ಚುಕಟ್ಟು ಕೆಲಸ. "ನೀನು ಹೋಗಮ್ಮ, ಒಂದು ಗಳಿಗೆ. ಪೆಟ್ಟಿಗೆ ನಾನು ನೋಡ್ಕೋತೀನಿ." ಪಕ್ಕದಲ್ಲೇ ಗಂಡು ಮೇಷ್ಟ್ರುಗಳು ಸುಮ್ಮನೆ ನಿಂತಿದ್ದರು. ಅವರು ಕಣ್ಣಿಗೇ ಬೀಳಲಿಲ್ಲ ನನಗೆ!

"ಆಯ್ತು ಇಬು" ಎಂದು ಹೋದಳು.

ಅತಿಥಿಗಳು ನೇರ ಅವಳ ಮೇಜಿಗೇ ಬಂದರು. ಕರೆಸಬಹುದಿತ್ತು. ಕರೆಸಲಿಲ್ಲ — ನಾನೇ ವಿವರಿಸಿದೆ. ಮಾತು ಸಲೀಸಾಗಿ ಬಂತು, ತಲೆದೂಗಿದರು, ಹಾಳಾದ್ದು ಹಿತವಾಗಿತ್ತು. ಅಷ್ಟರಲ್ಲಿ ಬೆಸ್ಸೆ ಟ್ರೇ ಹಿಡಿದು ಬಂದಳು. ಮುಖ್ಯ ಅತಿಥಿ ಅವಳ ಮುಖ ನೋಡದೆ ಲೋಟ ಎತ್ತಿಕೊಂಡು, "ಇದನ್ನ ಮಾಡಿದ ಮಗು ಯಾವುದು?" ಎಂದರು.

"ಇವಳೇ."

ಅವಳನ್ನು ನೋಡಿದರು, ಟ್ರೇ ನೋಡಿದರು. "ಓಹೋ, ಕಾಫಿನೂ ಚೆನ್ನಾಗಿ ಮಾಡ್ತೀಯಲ್ಲಮ್ಮ! ಗಂಡು ಹುಡುಕೋಕೆ ಕಷ್ಟ ಇಲ್ಲ ಬಿಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?

ಅವಳಿಗೆ ಒಂದು ಪ್ರಶ್ನೆಯೂ ಬರಲಿಲ್ಲ. ಗ್ರೂಪ್ ಫೋಟೋದಲ್ಲೂ ಅವಳಿಲ್ಲ. ಲೋಟ ತೊಳೆಯುತ್ತಿದ್ದಳಂತೆ.

ಗುರುವಾರ, ಸೆಪ್ಟೆಂಬರ್ 19

ಬೇರೆ ಶಾಲೆಯ ಹುಡುಗಿ ಆಯ್ಕೆ. ರುಸ್ದಿ ಫೋನ್ ಮಾಡಿದರು. "ಪೆಟ್ಟಿಗೆ ಬಹಳ ಹಿಡಿಸ್ತಂತೆ. ಆದ್ರೆ ಅದು ನೀವೇ ಮಾಡಿಕೊಟ್ಟಿದ್ದು ಅಂದ್ಕೊಂಡ್ರಂತೆ."

ಕಚೇರಿಗೆ ಫೋನ್ ಮಾಡಿ ಬೇಡಿಕೊಂಡೆ. ಹೆಸರು ಕಳಿಸಿ ಆಗಿದೆಯಂತೆ. ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಶನಿವಾರ, ಸೆಪ್ಟೆಂಬರ್ 21

ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ.

ಭಾನುವಾರ, ಸೆಪ್ಟೆಂಬರ್ 29

ನಿನ್ನೆ ಬೆಸ್ಸೆ ಕ್ಲಾಸಿಗೆ ಬಂದಿರಲಿಲ್ಲ. ಇಂದು ಮನೆಗೇ ಹೋದೆ. ಅವಳು ಹೊಂಡದ ಕಡೆ ಹೋಗಿದ್ದಳು. ತಾಯಿ ಚಾಪೆ ಹಾಸಿ, ಕರಿದ ಬಾಳೆಹಣ್ಣು ಮುಂದಿಟ್ಟು ಶುರುಮಾಡಿದಳು. "ಅಷ್ಟು ದೊಡ್ಡೋರಿಗೆ ನಮ್ಮ ಹುಡುಗಿ ಕೈಲೇ ಕಾಫಿ ಕೊಡಿಸಿದ್ರಂತೆ! ಓಣಿಗೆಲ್ಲ ಹೇಳಿದೀನಿ. ಎಷ್ಟು ನಂಬಿಕೆ ಇಬು ನಿಮಗೆ ಅವಳ ಮೇಲೆ!"

ಹಂಗಿಸುತ್ತಿರಲಿಲ್ಲ. ನಿಜಕ್ಕೂ ಹೆಮ್ಮೆ. ಕೈಯಲ್ಲಿದ್ದ ಬಾಳೆಹಣ್ಣನ್ನು ತಟ್ಟೆಗೆ ವಾಪಸ್ ಇಟ್ಟೆ.

ಬೆಸ್ಸೆ ಬಂದಳು, ಮೊಣಕಾಲವರೆಗೆ ಕೆಸರು. ತಡೆಯಲಾಗಲಿಲ್ಲ. "ತಪ್ಪು ನಂದು. ನಿನ್ನ ಜಾಗದಲ್ಲಿ ನಾನು ನಿಂತ್ಕೊಂಡೆ. ಕ್ಷಮಿಸಮ್ಮ" ಎಂದೆ.

ತಾಯಿ ಗಾಬರಿ. "ಯಾ ಅಲ್ಲಾ! ಟೀಚರ್ ಎಲ್ಲಾದ್ರೂ ಹುಡುಗಿ ಹತ್ರ ಕ್ಷಮೆ ಕೇಳೋದುಂಟಾ? ಏನೇ ಮಾಡ್ದೆ ನೀನು? ಇಬು ಇಲ್ಲೀತನಕ ಬರೋ ಹಾಗೆ ಏನ್ ಮಾಡ್ದೆ?"

ಬೆಸ್ಸೆ ಕೈ ಒರೆಸಿಕೊಂಡು ಬಂದು, ನನ್ನ ಕೈ ಹಿಡಿದು ಹಣೆಗೊತ್ತಿಕೊಂಡಳು. "ನಂದೇ ತಪ್ಪು ಇಬು."

ನನ್ನ ಕ್ಷಮೆಯ ಭಾರವೂ ಅವಳ ತಲೆಗೇ. ಅಲ್ಲ ಅಲ್ಲ ಎಂದು ಎಷ್ಟು ಹೇಳಿದರೂ ತಾಯಿಯ ಸಿಟ್ಟು ಇಳಿಯಲಿಲ್ಲ. ಬರುವಾಗ ಉಳಿದ ಬಾಳೆಹಣ್ಣು ಕಟ್ಟಿಕೊಟ್ಟಳು.

ಶನಿವಾರ, ಅಕ್ಟೋಬರ್ 5

ಬೆಸ್ಸೆ ಬಂದಿದ್ದಳು! ಬಾಗಿಲಲ್ಲಿ ಕಂಡಾಗ ಕಣ್ಣು ತುಂಬಿತು.

ಮುಂದಿನ ತಿಂಗಳು ಯೂನಿವರ್ಸಿಟಿಯವರು ಬರುತ್ತಾರೆ. ಈ ಸಲ ಮೊದಲೇ ಹೇಳಿಬಿಟ್ಟೆ. "ನಿನ್ನ ಪೆಟ್ಟಿಗೆ ನೀನೇ ವಿವರಿಸ್ಬೇಕು. ಕಾಫಿ ನಾನು ಕೊಡ್ತೀನಿ."

ಮೆಲ್ಲಗೆ ನಕ್ಕಳು. "ಬೇಡ ಇಬು. ನಿಮ್ಮ ಹಾಗೆ ನಂಗೆ ಮಾತು ಬರಲ್ಲ. ನಾನು ಕಾಫಿ ಕಡೆ ನೋಡ್ಕೋತೀನಿ. ಅವತ್ತು ಎಲ್ಲರಿಗೂ ಇಷ್ಟ ಆಯ್ತಲ್ಲ."

ಮಾತಿನಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ.

ಇದೇ ವಾರ ಸೇರಿದ ಏಳನೇ ಕ್ಲಾಸಿನ ಹುಡುಗಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೈ ಎತ್ತಿದಳು. "ಇಬು, ನಾನೂ ಬೆಸ್ಸೆ ಅಕ್ಕನ ಹಾಗೆ ತಿಂಡಿ ತಂಡಕ್ಕೆ ಸೇರ್ಲಾ?"

ನಾನು ಅವಳ ಎತ್ತಿದ ಕೈ ಹಿಡಿದು ಬೆಸ್ಸೆಯ ಪೆಟ್ಟಿಗೆಯ ಮುಂದೆ ಕೂರಿಸಿದೆ.