ಗ್ಲಾಸ್ ತಾಗಿಸುವಾಗ ಕಣ್ಣು ನೋಡಬೇಕು

ಸೆಪ್ಟೆಂಬರ್ 9, ಮಂಗಳವಾರ

ಕಲೋನ್. ರೈಲು ಲೇಟು, ಹೋಟೆಲ್ ರೂಮು ಬೆಂಕಿಪೊಟ್ಟಣ. ಡುಸೆಲ್‌ಡಾರ್ಫ್ ಇಲ್ಲೇ ಪಕ್ಕದಲ್ಲಿದೆ, ದಿನಾ ಮನೆಗೆ ಹೋಗಿ ಬರುತ್ತೇನೆಂದರೆ ನಮ್ಮ ಮೇಲಧಿಕಾರಿ ಲಾಮರ್ಸ್ ಮೇಡಂ ಬಿಡಲಿಲ್ಲ. "ಎಲ್ರ ಜೊತೆ ಬೆರೀಬೇಕು ಹೈಕೆ, ಸಮ್ಮೇಳನ ಇರೋದೇ ಅದಕ್ಕೆ." ಬೆರೆಯುವುದಂತೆ! ಎರಡೂ ಊರಿನ ಲಿಫ್ಟ್ ತಪಾಸಣೆ ಶಾಖೆಗಳು ಒಂದಾಗುತ್ತಿವೆ. ಮುಖ್ಯಸ್ಥರ ಕುರ್ಚಿ ಒಂದೇ. ನಾನೋ, ಇಲ್ಲಿನ ಎಸ್ಸರ್ರೋ — ಶುಕ್ರವಾರ ಹೆಸರು ಹೇಳುತ್ತಾರೆ. ಇಷ್ಟು ವರ್ಷ ಜೀವ ತೇಯ್ದವಳು ಕಲೋನಿನವನ ಕೈಕೆಳಗೆ ಕೂರಬೇಕೆ? ಸತ್ತರೂ ಇಲ್ಲ.

ಊಟದಲ್ಲಿ, ಕಲೋನಿನವರಿಗೆ ಆಗದೆಂದು ಗೊತ್ತಿದ್ದೂ ಬೇಕೆಂದೇ, ನಮ್ಮೂರಿನ ಕಂದು ಬಿಯರ್ ಕೇಳಿದೆ. ವೇಟರ್ ಸೊಂಟದ ಮೇಲೆ ಕೈಯಿಟ್ಟ.

"ಪಾತ್ರೆ ತೊಳೆದ ನೀರು ಹಿತ್ತಲಲ್ಲಿದೆ. ತರ್ಲಾ ಅಕ್ಕಾ?"

ಎಲ್ಲರಿಗಿಂತ ಜೋರಾಗಿ ನಕ್ಕವನು ಎಸ್ಸರ್. ಹಲ್ಲು ಉದುರಲಿ.

ಸೆಪ್ಟೆಂಬರ್ 10

ಬೆಳಿಗ್ಗೆ ಭಾಷಣ, ತೂಕಡಿಕೆ. ಮಧ್ಯಾಹ್ನ ಊರು ನೋಡುವುದು. ದೋಣಿ, ನದಿ, ಸೇತುವೆಗೆ ಪ್ರೇಮಿಗಳು ಜಡಿದ ತುಕ್ಕು ಬೀಗಗಳು... ಇದೇ ರೈನ್ ನಮ್ಮೂರಲ್ಲೂ ಹರಿಯುತ್ತದೆ, ಇಷ್ಟು ಜಂಬವಿಲ್ಲದೆ. ಆಮೇಲೆ ಕೆಥೆಡ್ರಲ್ ಗೋಪುರ. ಲಿಫ್ಟಿನವರನ್ನೆಲ್ಲ ಮೆಟ್ಟಿಲು ಹತ್ತಿಸಿದರು!

ಅರ್ಧದಲ್ಲಿ ಎಸ್ಸರ್ ಗೋಡೆಗೊರಗಿದ. ಮುಖ ಸುಣ್ಣ.

"ಹಾರ್ಟು ಕೈಕೊಟ್ಟಿದೆ ಕಣೇ. ಇಲ್ಲಿ ಯಾರಿಗೂ ಹೇಳ್ಬೇಡ."

"ಹೇಳಲ್ಲ, ಮೊದ್ಲು ನೀರು ಕುಡಿ."

ಇಳಿಯುವವರೆಗೂ ಅವನ ಪಕ್ಕದಲ್ಲೇ ಇದ್ದೆ. ಯಾಕೋ ಏನೋ.

ಸೆಪ್ಟೆಂಬರ್ 11

ಬಿಯರ್ ಮನೆಯಲ್ಲಿ ಕೂಟ. ಗ್ಲಾಸ್ ತಾಗಿಸುವಾಗ ಕಣ್ಣಲ್ಲಿ ಕಣ್ಣಿಡದಿದ್ದರೆ ಏಳು ವರ್ಷ ದರಿದ್ರ ಅನ್ನುತ್ತಿದ್ದಳು ಅಜ್ಜಿ. ಎಸ್ಸರ್ ಎಲ್ಲರ ಕಣ್ಣನ್ನೂ ನೋಡಿದ. ನನ್ನ ಸರದಿ ಬಂದಾಗ ನೋಟ ಗೋಡೆಯ ಜಿಂಕೆಕೊಂಬಿಗೆ ಜಾರಿತು. ಗೊತ್ತಾಗಿಹೋಯಿತು. ಕುರ್ಚಿ ಅವನದೇ, ಕಳ್ಳನಿಗೆ ಮೊದಲೇ ತಿಳಿದಿದೆ. ಹೊಟ್ಟೆ ಉರಿದುಹೋಯಿತು. ಇಡೀ ಟೇಬಲ್‌ಗೆ ಕೇಳುವಂತೆ ಅಂದೆ:

"ಮೇಡಂ, ಹಾರ್ಟ್ ಪೇಶೆಂಟ್ ಕೈಗೆ ಎರಡೂರು ಕೊಡ್ತೀರಾ? ನಿನ್ನೆ ಮೆಟ್ಲು ಹತ್ತಕ್ಕಾಗ್ದೆ ಗೋಡೆ ತಬ್ಕೊಂಡಿದ್ದ!"

ಎಸ್ಸರ್, ಇನ್ನು ಸಾಕು ಎಂದು ಗ್ಲಾಸಿನ ಮೇಲೆ ಅದರಡಿಯ ರಟ್ಟನ್ನೇ ಮುಚ್ಚಿಟ್ಟು ಎದ್ದು ಹೋದ.

ಒಳ್ಳೆಯದೇ ಆಯಿತು. ಅನುಭವಿಸಲಿ. ನಿದ್ದೆ ಮಾತ್ರ ಬರುತ್ತಿಲ್ಲ.

ಸೆಪ್ಟೆಂಬರ್ 12, ಮಧ್ಯಾಹ್ನ

ತಿಂಡಿಗೆ ಮುಂಚೆ ಮೇಡಂ ಪಕ್ಕಕ್ಕೆ ಕರೆದರು.

"ಅವನ ಹಾರ್ಟಿನ ವಿಷಯ ನಂಗೊತ್ತಿತ್ತು. ಅದಕ್ಕೇ ಹೋದ ವಾರ ಹಿಂದೆ ಸರಿದ. ನಿನ್ ಹೆಸ್ರು ಹೇಳಿದ್ದೂ ಅವನೇ. ಶುಕ್ರವಾರದವರೆಗೂ ಬಾಯಿ ಬಿಡ್ಬೇಡ ಅಂದಿದ್ದೆ. 'ಹೈಕೆ ಮುಖ ನೋಡಿದ್ರೆ ಎಲ್ಲಾ ಬಾಯಿಗೆ ಬಂದ್ಬಿಡತ್ತೆ ಮೇಡಂ' ಅಂತಿದ್ದ."

"ಹಾಗಾದ್ರೆ ಕುರ್ಚಿ..."

"ನಿಂದೇ. ಕೂತ್ಕೋ ಹೋಗು."

ಹೆಸರು ಹೇಳಿದರು. ಚಪ್ಪಾಳೆ ಅಷ್ಟಕ್ಕಷ್ಟೇ. ಕೈಗೊಂದು ವೈನ್ ಗ್ಲಾಸ್ ಬಂತು. ಎಸ್ಸರ್ ಜನರನ್ನು ಸರಿಸಿಕೊಂಡು ನೇರ ನನ್ನ ಬಳಿಗೇ ಬಂದ. ಗ್ಲಾಸ್ ತಾಗಿಸಿದ. ಈ ಸಲ ಕಣ್ಣಲ್ಲಿ ಕಣ್ಣಿಟ್ಟೇ ನೋಡಿದ. ನಾನು ಗೋಡೆ ಕಡೆ —