ಗಂಧ ಹಚ್ಚಿದ ಫ್ಲಾಪಿಗಳು

ಅಕ್ಟೋಬರ್ 15, 1991. ಮಂಗಳವಾರ, ಮಧ್ಯಾಹ್ನ

ಏಳನೇ ಫ್ಲಾಪಿ ಓಡುತ್ತಿದೆ. ಅದು ಗುರ್‌ಗುಟ್ಟಿ ಮುಗಿಸುವಷ್ಟರಲ್ಲಿ ನಾಲ್ಕು ಸಾಲು. ಕನ್ನಡದಲ್ಲೇ ಬರೆಯುತ್ತೇನೆ, ಕಿಟ್ಟುಗೆ ಓದಲು ಬರುವುದಿಲ್ಲ! ಇಲ್ಲೇ ಮುಂಬಯಿಯ ಘಾಟ್ಕೋಪರಿನಲ್ಲೇ ಹುಟ್ಟಿ ಬೆಳೆದ ಗಂಡನಿಂದ ಇದೊಂದು ಲಾಭ. ಅವನ ಹೆಸರು ಹಿಡಿಯುವುದೂ ಈ ಡೈರಿಯಲ್ಲಿ ಮಾತ್ರ. ಅತ್ತೆಯ ಎದುರು ಬರೀ ‘ಇವರು’.

ಅವನ ಆಫೀಸಿನ ಹಳೇ ಲ್ಯಾಪ್‌ಟಾಪ್‌. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದೆ. ಅವನ ಸೇತುವೆಯ ಡಿಸೈನೆಲ್ಲ ಅದರೊಳಗೆ. ಶನಿವಾರ ದೆಹಲಿಯಲ್ಲಿ ತೋರಿಸಬೇಕು. ಸರ್ವೀಸಿನವರು ಹದಿನೈದು ದಿನ ಅಂದರಂತೆ. ನಾನಿರುವಾಗ? ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿದವಳು! ಮೊದಲು ಎಲ್ಲವೂ ಫ್ಲಾಪಿಗೆ ಬ್ಯಾಕಪ್. ಆಮೇಲೆ ಹೊಸ ಡಿಸ್ಕ್.

ಅತ್ತೆ ಇಣುಕಿದರು. “ಅಲ್ವೇ ಶಾಮೂ, ಹೊಸ ಸೊಸೆ ಕೈಲಿ ಸ್ಕ್ರೂಡ್ರೈವರ್ರು! ನಾನಂತೂ ನೋಡಿದ್ದು ಇದೇ ಮೊದ್ಲು.”

ಬೈದರೋ ಮೆಚ್ಚಿದರೋ… ಗೊತ್ತಾಗಲಿಲ್ಲ.

ಬುಧವಾರ 16. ಸಂಜೆ

ಬದಲಾಯಿಸಿಬಿಟ್ಟೆ!!! ನಿನ್ನೆ ಹದಿನಾಲ್ಕನೇ ಫ್ಲಾಪಿ ಮುಗಿದದ್ದೇ ತಡ, ಹಳೇ ಡಿಸ್ಕ್ ಕಿರ್ರೆಂದು ಸತ್ತೇ ಹೋಯಿತು. ಇವತ್ತು ಕಿಟ್ಟು ಹೊಸದು ತಂದ. ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಫಾರ್ಮ್ಯಾಟ್ ಮಾಡಿದೆ. ಅವನು ಟಾರ್ಚ್ ಹಿಡಿದು, ಉಸಿರೂ ಬಿಡದೆ ನಿಂತಿದ್ದ. “ಯಾರ್, ತುಮ್ ತೋ ಸರ್ಜನ್ ಹೋ!”

ಇಡೀ ಮುಂಬಯಿಗೆ ಕೂಗಿ ಹೇಳಬೇಕು ಅನ್ನಿಸುತ್ತಿದೆ.

ಫ್ಲಾಪಿಗಳನ್ನು ನಂಬರಿನ ಪ್ರಕಾರ ಒಂದೊಂದಾಗಿ ಹಾಕಿದರೆ ಆಯಿತು. ನಾಳೆ ಬೆಳಿಗ್ಗೆ.

ಗುರುವಾರ 17. ಆಯುಧಪೂಜೆ

ಅಯ್ಯೋ ದೇವರೇ.

ಸ್ನಾನ ಮಾಡಿ ಬರುವಷ್ಟರಲ್ಲಿ ಮೇಜು ಖಾಲಿ. ಎಲ್ಲ ದೇವರ ಮುಂದೆ! ಪ್ರತಿ ಫ್ಲಾಪಿಯ ಲೇಬಲ್ಲಿಗೂ ಒದ್ದೆ ಗಂಧ, ಮೇಲೆ ಕುಂಕುಮ. ನಾನು ಇಂಕಿನಲ್ಲಿ ಬರೆದ ನಂಬರು ಒಂದೂ ಉಳಿದಿಲ್ಲ.

“ಅಮ್ಮಾ, ಯೇ ಕ್ಯಾ ಕಿಯಾ! ಇವತ್ತೇ ಬೇಕು ಅದು!” ಕಿಟ್ಟು ಕೂಗಿದ.

“ಇವತ್ತು ಆಯುಧ ಮುಟ್ಟೋ ಹಾಗಿಲ್ಲ ಕಣೋ. ನಾನೇ ತರಕಾರಿ ನಿನ್ನೇನೇ ಹೆಚ್ಚಿಟ್ಟಿಲ್ವೇ? ನಾಳೆ ಪೂಜೆ ಕದಲಿಸಿದ ಮೇಲೇ.”

ನಾಳೆ ಸಂಜೆ ಅವನ ಫ್ಲೈಟ್.

ನಾನೂ ವಾದಿಸಲೆಂದು ಹತ್ತಿರ ಹೋದೆ. ಅತ್ತೆಯ ಈಳಿಗೆಮಣೆಯ ಪಕ್ಕದಲ್ಲೇ, ಅದೇ ಬಾಳೆಲೆಯ ಮೇಲೆ, ನನ್ನ ಸ್ಕ್ರೂಡ್ರೈವರ್. ಅದಕ್ಕೂ ಒಂದು ಸೇವಂತಿಗೆ.

ಕುಂಕುಮಕ್ಕೆ ಬಂದ ಪಕ್ಕದ ಮನೆಯ ಪರಾಂಜಪೆ ಕಾಕೂಗೆ ಅತ್ತೆ ಅದನ್ನೇ ತೋರಿಸಿದರು: “ಹಮಾರಾ ಸೊಸೆ ಕಾ ಹಥಿಯಾರ್ ಹೈ.” ಸೊಸೆಯ ಆಯುಧವಂತೆ!

ಶುಕ್ರವಾರ 18. ಮಧ್ಯಾಹ್ನ

ಬೆಳಿಗ್ಗೆ ಆರತಿ ಎತ್ತಿ, ಪೂಜೆ ಕದಲಿಸಿ, ಅತ್ತೆ ಮೊದಲು ತೆಗೆದದ್ದು ಸ್ಕ್ರೂಡ್ರೈವರ್. ನನ್ನ ಕೈಗಿಟ್ಟರು.

“ನಂಬರ್ ಅಳಿಸಿಹೋಯ್ತಂತೆ. ಕಿಟ್ಟು ಹೇಳ್ದ. ಇನ್ನೇನೇ ಮಾಡೋದು?” ದನಿ ಸಣ್ಣಗಾಗಿತ್ತು.

“ನಂಬರು ಫ್ಲಾಪಿ ಒಳಗೂ ಇರುತ್ತೆ ಅತ್ತೆ.”

ಒಂದೊಂದನ್ನೇ ಒರೆಸಿ ಹಾಕಿದೆ. ಒಳಗಿನ ಫೈಲುಗಳ ಪಟ್ಟಿ ಕೇಳಿದರೆ, ಹೆಸರಿನ ಕೊನೆಯಲ್ಲೇ ಎಷ್ಟನೆಯದು ಎಂದು ಬರುತ್ತದೆ. ನಾನು ಓದಿದೆ, ಅತ್ತೆ ಹೊಸ ಲೇಬಲ್ ಮೇಲೆ ಬರೆದರು. ಪೆನ್ಸಿಲ್ಲಿನಲ್ಲಿ! “ಮುಂದಿನ ವರ್ಷ ಗಂಧ ಹಚ್ಚಿದ್ರೆ ಅಳಿಸ್ಬಾರ್ದು ನೋಡು.”

ಹದಿನಾಲ್ಕೂ ಸರಿಯಾಗಿ ಇಳಿದವು. ಪರದೆಯ ಮೇಲೆ ಸೇತುವೆ ಮೂಡಿದ್ದೇ, ಕಿಟ್ಟು ಅಮ್ಮನ ಎದುರಿಗೇ ನನ್ನ ಕೈ ಹಿಡಿದುಬಿಟ್ಟ. ಅತ್ತೆ ಗಟ್ಟಿಯಾಗಿ ಕೆಮ್ಮಿದರು. ಆದರೆ ಅಡಿಗೆಮನೆಗೆ ಹೋಗಲಿಲ್ಲ, ಸೇತುವೆ ನೋಡುತ್ತಾ ಅಲ್ಲೇ ನಿಂತರು.

ಅದೇ ದಿನ. ಸಂಜೆ

ಫ್ಲೈಟ್ ಹೊರಟಿರಬೇಕು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗವಚಿಕೊಂಡು ಟ್ಯಾಕ್ಸಿ ಹತ್ತಿದ. ನಾನು ಮಾಡಿದ್ದು! ನಾನು!

ಹೊರಗೆ ಅತ್ತೆ ಕಾಕೂಗೆ ಎಲ್ಲ ವರದಿ ಒಪ್ಪಿಸುತ್ತಿದ್ದಾರೆ… ಈಗ ಕೂಗು.

“ಶಾಮೂ, ನಿನ್ ಸ್ಕ್ರೂಡ್ರೈವರ್ ತಗೊಂಡ್ ಬಾರೇ! ಇವರ ಮಿಕ್ಸರ್ ತಿರುಗ್ತಾ ಇಲ್ವಂತೆ. ನಮ್ಮ ಸೊಸೆ ಮಾಡ್ಕೊಡ್ತಾಳೆ ಅಂದಿದ್ದೀನಿ!”

ಮಿಕ್ಸರ್ ನನಗೆ ಬರುವುದಿಲ್ಲ ಎಂದು ಹೇಳಲೇ? ಉಹೂಂ. ಬಿಚ್ಚಿ ನೋಡಿದರೆ…